ಕೊಯ್ದ ಕೊಳವೆ ಮತ್ತು ಸ್ಮೃತಿಯ ಪ್ರಾಮಾಣ್ಯ

1958ರಿಂದ 1961ರವರೆಗೆ ಅಮೆರಿಕದ ಟಿವಿಯಲ್ಲಿ ಬಂದ ‘ಸೀ ಹಂಟ್’ ಎಂಬ ಕಪ್ಪುಬಿಳುಪು ಧಾರಾವಾಹಿಯಲ್ಲಿ ಲಾಯ್ಡ್ ಬ್ರಿಜಸ್ ನಟಿಸಿದ ಮೈಕ್ ನೆಲ್ಸನ್ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲಿಗಿಳಿಯುತ್ತಿದ್ದ. ಖಳನು ಚೂರಿ ಹಿಡಿದು ಬಂದು ಉಸಿರಿನ ಕೊಳವೆಯನ್ನೇ ಕೊಯ್ಯುತ್ತಿದ್ದ. ಅಂದು ಬೆದರಿ ನೋಡಿದ ಮಕ್ಕಳು ಮುಪ್ಪಿನಲ್ಲಿ ಅದೇ ಕಂತು ಕಂಡರೆ ನಗುತ್ತಾರೆ. ನಗುತ್ತಲೇ ಆ ಕಾಲಕ್ಕೆ ಹಂಬಲಿಸುತ್ತಾರೆ. ಈ ಹಂಬಲ ಏನನ್ನಾದರೂ ತಿಳಿಸಿಕೊಡುತ್ತದೆಯೇ, ಬರೀ ಮೋಹವೇ? ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರ ಮತದಲ್ಲಿ ಸ್ಮೃತಿ, ಅಂದರೆ ನೆನಪು, ಪ್ರಮೆಯಲ್ಲ, ಎಂದರೆ ಯಥಾರ್ಥವಾದ ಅರಿವಲ್ಲ. ಹಳೆಯ ಅನುಭವದ ಸಂಸ್ಕಾರದಿಂದಷ್ಟೇ ಹುಟ್ಟುವ ಅದು ಹೊಸದೇನನ್ನೂ ಕಾಣಿಸದು. ಜೈನ ತಾರ್ಕಿಕರು ಇದನ್ನು ಒಪ್ಪಲಿಲ್ಲ. ಎಂಟನೆಯ ಶತಮಾನದ ಅಕಲಂಕ ಸ್ಮೃತಿಯನ್ನೂ, ‘ಅದೇ ಇದು’ ಎಂದು ಗುರುತಿಸುವ ಪ್ರತ್ಯಭಿಜ್ಞಾನವನ್ನೂ ಪ್ರಮಾಣಗಳಲ್ಲಿ, ಅಂದರೆ ಸರಿಯಾದ ಅರಿವಿನ ಸಾಧನಗಳಲ್ಲಿ, ಎಣಿಸಿದ. ಕನ್ನಡ ಮರಾಠಿ ಎರಡನ್ನೂ ಆಡುವ ಜೈನ ಒಕ್ಕಲುಗಳಿರುವ ಮಹಾರಾಷ್ಟ್ರದ ಸಾಂಗ್ಲಿ-ಮೀರಜ ಸೀಮೆಗೆ ಇದು ಹೊರಗಿನ ವಾದವಲ್ಲ. ಅಕಲಂಕನ ಪಕ್ಷವೇ ಸರಿಯೆಂದು ನನ್ನ ನಿಲುವು. ಮತ್ತೆ ನೋಡುವವನ ನಗುವೇ ಅದಕ್ಕೆ ಸಾಕ್ಷಿ. ಅವನ ಕಣ್ಣೆದುರು ಇಂದಿನ ನೋಟವಿದೆ, ಒಳಗೆ ಅಂದಿನ ಭಯವಿದೆ. ಮೊದಲನೆಯದು ಮಾತ್ರ ಇದ್ದರೆ ಬೇಸರ, ಎರಡನೆಯದು ಮಾತ್ರ ಇದ್ದರೆ ಈಗಲೂ ನಡುಕ. ಎರಡೂ ಕೂಡಿದಾಗ, ನಂಬುವುದಕ್ಕೆ ತನಗೆ ಎಷ್ಟು ಅಲ್ಪ ಸಾಕಿತ್ತು ಎಂಬುದು ಅವನಿಗೆ ಗೊತ್ತಾಗುತ್ತದೆ. ಅಂದಿನ ಹುಡುಗನಿಗಾಗಲಿ, ಇಂದು ಮೊದಲ ಸಲ ನೋಡುವವನಿಗಾಗಲಿ ಈ ಅರಿವು ದೊರೆಯದು.

ನೆನಪು ಹಳೆಯದನ್ನೆಲ್ಲ ಚಂದಗಾಣಿಸುತ್ತದೆಂಬ ಆಕ್ಷೇಪ ನಿಜವೇ. ವಸ್ತುವಿನೊಡನೆ ತಾಳೆಯಾಗದ ನೆನಪನ್ನು ಜೈನರೂ ಸ್ಮರಣಾಭಾಸವೆಂದು ತಳ್ಳಿದ್ದಾರೆ. ಆದರೆ ನಗುವವನು ಕುಂದನ್ನು ಕಂಡೇ ನಗುತ್ತಾನೆ. ಇದಕ್ಕಿಂತ ಬಲವಾದ ಆಕ್ಷೇಪ ಸಾಂಗ್ಲಿಯಲ್ಲೇ ಇದೆ. 1843ರಲ್ಲಿ ಮರಾಠಿ ನಾಟಕಕಾರ ವಿಷ್ಣುದಾಸ ಭಾವೆ ಅಲ್ಲಿ ‘ಸೀತಾ ಸ್ವಯಂವರ’ ನಾಟಕ ಆಡಿಸಿದರು. ಉತ್ತರ ಕನ್ನಡದ ಕರ್ಕಿಯಿಂದ ಬಂದಿದ್ದ ಭಾಗವತರ ಆಟ ಅದಕ್ಕೆ ಪ್ರೇರಣೆ. ಅಬ್ಬರಿಸುತ್ತ ರಂಗಕ್ಕೆ ನುಗ್ಗುತ್ತಿದ್ದ ರಾಕ್ಷಸರ ಆ ಆರಂಭದ ಆಟಗಳಿಗೆ ಮರಾಠಿಗರು ‘ಅಲಲ ಡುರ್ರ’ ಎಂದೇ ಹೆಸರಿಟ್ಟು, ನಗುನಗುತ್ತ ಅಕ್ಕರೆಯಿಂದ ನೆನೆಯುತ್ತಾರೆ. ನವೆಂಬರ್ 5ರಂದು ಮರಾಠಿ ರಂಗಭೂಮಿ ದಿನವನ್ನೂ ಆಚರಿಸುತ್ತಾರೆ. ಕಂಡವರೊಬ್ಬರೂ ಉಳಿಯದ ಆಟಕ್ಕೆ ಹಂಬಲಿಸುವುದು ಯಾವ ಸ್ಮೃತಿ? ಸ್ಮೃತಿಯೇ ಅಲ್ಲ, ಅದು ಆಗಮ: ನಂಬತಕ್ಕವರ ಮಾತಿನಿಂದ ಬಂದ ಅರಿವು. ಜೈನರು ಅದನ್ನು ಬೇರೆ ಪ್ರಮಾಣವಾಗಿ ಎಣಿಸಿದ್ದು ವಿವೇಕದ ಕೆಲಸ. ಸಾಂಗ್ಲಿಯ ಹಂಬಲ ಅದರಿಂದ ಸುಳ್ಳಾಗುವುದಿಲ್ಲ, ಹೇಳಿದವರ ಪ್ರಾಮಾಣಿಕತೆಯನ್ನು ಆಧರಿಸಿ ನಿಲ್ಲುತ್ತದೆ. ‘ಸೀ ಹಂಟ್’ ಕಂಡವರಾದರೋ ಇನ್ನೂ ತಮ್ಮ ಭಯವನ್ನು ಆ ಕಂತಿನ ಪಕ್ಕದಲ್ಲಿಟ್ಟು ನೋಡಬಲ್ಲರು. ಅವರ ತಲೆಮಾರು ಮುಗಿದ ಮೇಲೆ ಆ ಭಯವೂ ಆಗಮಕ್ಕೆ ಸೇರುತ್ತದೆ.