ಐದನೆಯದು ದೈವ

1989ರ ಜುಲೈ 19ರಂದು ಡೆನ್ವರಿನಿಂದ ಶಿಕಾಗೋಗೆ ಹೊರಟಿದ್ದ ಯುನೈಟೆಡ್ 232 ವಿಮಾನದ ಬಾಲದ ಎಂಜಿನ್ 37,000 ಅಡಿ ಎತ್ತರದಲ್ಲಿ ಸಿಡಿಯಿತು. ವಿಮಾನದ ಚುಕ್ಕಾಣಿಯನ್ನೂ ರೆಕ್ಕೆಯ ಪಟ್ಟಿಗಳನ್ನೂ ಆಡಿಸುವುದು ಹೈಡ್ರಾಲಿಕ್ ಎಣ್ಣೆಯ ಒತ್ತಡ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಆ ಡಿಸಿ-10ಕ್ಕೆ ಮೂರು ವ್ಯವಸ್ಥೆಗಳಿದ್ದವು. ಸಿಡಿದ ಚೂರುಗಳಿಗೆ ಮೂರೂ ಬರಿದಾದವು. ಮೂರೂ ಒಟ್ಟಿಗೆ ಹೋಗುವುದುಂಟೇ ಎಂದುಕೊಂಡಿದ್ದರಿಂದ ಅದಕ್ಕೆ ಯಾವ ವಿಧಾನವೂ ಬರೆದಿಟ್ಟಿರಲಿಲ್ಲ. ಉಳಿದದ್ದು ಎರಡು ಎಂಜಿನ್‌ಗಳ ಥ್ರಾಟಲ್ ಮಾತ್ರ. ಪ್ರಯಾಣಿಕನಾಗಿ ಬಂದಿದ್ದ, ಪೈಲಟ್‌ಗಳಿಗೆ ತರಬೇತಿ ಕೊಡುವ ಡೆನ್ನಿ ಫಿಚ್ ಕಾಕ್‌ಪಿಟ್ಟಿಗೆ ಹೋಗಿ ಎರಡು ಕೈಯಲ್ಲಿ ಎರಡು ಥ್ರಾಟಲ್ ಹಿಡಿದ; ಒಂದನ್ನು ಏರಿಸಿ, ಇನ್ನೊಂದನ್ನು ಇಳಿಸಿ, ಬಲಕ್ಕೇ ವಾಲುತ್ತಿದ್ದ ವಿಮಾನವನ್ನು ಹೇಗೋ ಸಂಭಾಳಿಸಿದ. ಯಾವ ರನ್‌ವೇ ಆದರೂ ಸರಿ ಎಂದು ನೆಲದವರು ಅನುಮತಿ ಕೊಟ್ಟಾಗ ಕ್ಯಾಪ್ಟನ್ ಆಲ್ ಹೇಯ್ನ್ಸ್ ನಕ್ಕು, ರನ್‌ವೇಯಲ್ಲೇ ಇಳಿಯಬೇಕೆಂಬ ಹಟ ಬೇರೆಯೇ ಎಂದು ಕೇಳಿದನಂತೆ. ಸಿಡಿದ 44 ನಿಮಿಷಕ್ಕೆ ವಿಮಾನ ಅಯೋವಾದ ಸೂ ಸಿಟಿಯಲ್ಲಿ ನೆಲಕ್ಕೆ ಬಡಿದು, ಒಡೆದು, ಹೊತ್ತಿ ಉರಿಯಿತು. 296 ಜನರಲ್ಲಿ 184 ಮಂದಿ ಉಳಿದರು.

ಹೇಗೆ ಉಳಿದರೆಂದು ಕೇಳಿದವರಿಗೆ ಹೇಯ್ನ್ಸ್ ಐದು ಕಾರಣ ಹೇಳುತ್ತಿದ್ದ: ಅದೃಷ್ಟ, ಸಂವಹನ, ಸಿದ್ಧತೆ, ನಿರ್ವಹಣೆ, ಸಹಕಾರ. ಗೀತೆಯ ಹದಿನೆಂಟನೆಯ ಅಧ್ಯಾಯವೂ ಯಾವುದೇ ಕೆಲಸಕ್ಕೆ ಐದೇ ಕಾರಣ ಎಣಿಸುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ಕಡೆಗೆ ದೈವ. ಸಂಖ್ಯೆ ಕೂಡಿಬಂದದ್ದು ಬರೀ ಕಾಕತಾಳೀಯ. ನನ್ನನ್ನು ತಡೆದು ನಿಲ್ಲಿಸುವುದು ಕ್ರಮ. ಅವನು ಮೊದಲಿಗಿಟ್ಟದ್ದನ್ನು ಗೀತೆ ಕೊನೆಗಿಟ್ಟಿದೆ. ಎರಡೂ ಸರಿ ಎಂದು ನನ್ನ ವಾದ. ಮಾಡಿದವನ ಬಾಯಲ್ಲಿ ದೈವ ಮೊದಲು ಬರಬೇಕು; ನಾನೊಬ್ಬನೇ ಕರ್ತೃ ಎಂದುಕೊಳ್ಳುವವನಿಗೆ ಕಣ್ಣು ಕಾಣದು ಎಂಬುದೇ ಗೀತೆಯ ಆ ಮಾತಿನ ತಾತ್ಪರ್ಯ. ಆದರೆ ನಡೆದದ್ದನ್ನು ವಿಚಾರಿಸಲು ಕೂತವರು ಉಳಿದ ನಾಲ್ಕನ್ನು ಎಣಿಸಿ ಮುಗಿಸುವ ತನಕ ಆ ಹೆಸರೆತ್ತಬಾರದು.

ದೇವರೇ 184 ಜನರನ್ನು ಕಾಪಾಡಿದ ಎನ್ನುವ ಆಸ್ತಿಕರು ಇದಕ್ಕೆ ಒಪ್ಪಲಾರರು. ಹಾಗಾದರೆ ಸತ್ತ 112 ಜನ? ಅವರವರ ಕರ್ಮ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಆದರೆ ಎಂಜಿನ್ನಿನ ಟೈಟಾನಿಯಂ ಚಕ್ರದಲ್ಲಿ ಲೋಹ ಕರಗಿಸುವಾಗಲೇ, ಎಪ್ಪತ್ತರ ದಶಕದ ಆರಂಭದಲ್ಲಿ, ಒಂದು ಸಣ್ಣ ದೋಷ ಸೇರಿಕೊಂಡಿತ್ತು. ಅಲ್ಲಿಂದ ಹುಟ್ಟಿದ ಬಿರುಕು ತಪಾಸಣೆಯ ಕಣ್ಣಿಗೆ ಬೀಳಲಿಲ್ಲ. ಸತ್ತವರಲ್ಲಿ ತಾಯಿಯ ಮಡಿಲಲ್ಲಿದ್ದ ಒಂದು ಕೂಸೂ ಇತ್ತು. ಕುಲುಮೆಯ ತಪ್ಪನ್ನು ಕೂಸಿನ ಪೂರ್ವಜನ್ಮದ ಲೆಕ್ಕಕ್ಕೆ ಬರೆಯುವುದು ಧರ್ಮವಲ್ಲ, ಸೋಮಾರಿತನ.

ಯೋಗವಾಸಿಷ್ಠದ ನಿಲುವು ಇನ್ನೂ ಖಡಾಖಂಡಿತ: ದೈವವೆಂಬುದು ಹಿಂದೆ ಮಾಡಿದ ಪ್ರಯತ್ನವೇ. ಸೂ ಸಿಟಿಯಲ್ಲಿ ಇದು ಬಹುಮಟ್ಟಿಗೆ ನಿಜ. 1985ರಲ್ಲಿ ಜಪಾನ್ ಏರ್‌ಲೈನ್ಸ್ 123ಕ್ಕೂ ಹೀಗೇ ಹೈಡ್ರಾಲಿಕ್ ಪೂರ್ತಿ ಹೋಗಿ, ಅರ್ಧ ಗಂಟೆ ಹೆಣಗಿದರೂ ಅದು ಬೆಟ್ಟಕ್ಕೆ ಬಡಿದು 520 ಜನ ಸತ್ತಿದ್ದರು. ಆ ಪೈಲಟ್‌ಗಳ ಪಾಡನ್ನು ಮನಸ್ಸಿಗೆ ಹಚ್ಚಿಕೊಂಡೇ ಫಿಚ್ ಸಿಮ್ಯುಲೇಟರಿನಲ್ಲಿ ಬರೀ ಥ್ರಾಟಲ್ ಹಿಡಿದು ಹಾರಿಸಿ ನೋಡಿದ್ದ. ಸೂ ಸಿಟಿಯವರು 1987ರಲ್ಲೇ ದೊಡ್ಡ ವಿಮಾನ ಬಿದ್ದರೆ ಏನು ಮಾಡಬೇಕೆಂದು ಅಣಕು ಕಾರ್ಯಾಚರಣೆ ನಡೆಸಿದ್ದರು. ಬದುಕಿದವರು ದೈವವೆಂದು ಕರೆದದ್ದರಲ್ಲಿ ತಾವು ಕಾಣದ ಎಷ್ಟೋ ಜನರ ಬೆವರಿತ್ತು.

ವಿಚಾರವಾದಿಗಳ ತಕರಾರು ಬೇರೆ. ಆಮೇಲೆ ಸಿಮ್ಯುಲೇಟರಿನಲ್ಲಿ ಪ್ರಯತ್ನಿಸಿದ ಅನುಭವಿಗಳಿಗೂ ವಿಮಾನವನ್ನು ಸುರಕ್ಷಿತವಾಗಿ ಇಳಿಸಲಾಗಲಿಲ್ಲ. ಇದು ತರಬೇತಿಯಿಂದ ಬರುವಂಥದ್ದಲ್ಲ ಎಂದು ತನಿಖಾ ಮಂಡಳಿಯೇ ಬರೆಯಿತು. ಅಂದಮೇಲೆ ಎಲ್ಲವೂ ಆಕಸ್ಮಿಕವಲ್ಲವೇ? ಆಕಸ್ಮಿಕ ಇತ್ತು, ಹೇರಳವಾಗಿಯೇ ಇತ್ತು: ಹಗಲು, ಶಾಂತ ಗಾಳಿ, ಆಸ್ಪತ್ರೆಗಳಲ್ಲಿ ಪಾಳಿ ಬದಲಾಗುವ ಹೊತ್ತು. ಯೋಗವಾಸಿಷ್ಠದ ಲೆಕ್ಕಕ್ಕೂ ಸಿಗದ ಈ ಶೇಷವನ್ನು ದೈವ ಎನ್ನಲು ನನಗೆ ಸಂಕೋಚವಿಲ್ಲ. ಆದರೆ ಥ್ರಾಟಲ್ ಬಿಟ್ಟು ಕೈಕಟ್ಟಿ ಕೂತಿದ್ದರೆ ಶಾಂತ ಗಾಳಿ ಯಾರನ್ನೂ ಇಳಿಸುತ್ತಿರಲಿಲ್ಲ. ಮುಂದೆ ಡಿಸಿ-10ಗಳ ಬಾಲದ ಕೊಳವೆಗೆ, ಸೋರಿಕೆ ಕಂಡರೆ ಎಣ್ಣೆಯನ್ನು ತಡೆಹಿಡಿಯುವ ಒಂದು ಕವಾಟ ಸೇರಿಸಿದರು. ಆ ವಿಮಾನಗಳನ್ನು ಹತ್ತಿ ಕೂತ ಪ್ರಯಾಣಿಕರಲ್ಲಿ ಬಹುಮಂದಿಗೆ ಆ ಕವಾಟದ ಸುದ್ದಿಯೇ ಗೊತ್ತಿರಲಿಕ್ಕಿಲ್ಲ.