ಅವ್ವ ಎಂಬ ಕರೆ



ಸ್ನೇಹವು ಸಮಾನರ ನಡುವೆ ಮಾತ್ರ ನಿಲ್ಲುತ್ತದೆ ಎಂಬುದು ನಮ್ಮಂತಹ ವ್ಯಾಪಾರಿಗಳ ನಂಬಿಕೆ. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಲೆಕ್ಕ ಕೂಡಬೇಕು. ಎಂಟು ವರ್ಷದ ಮಗುವಿಗೂ ಎಪ್ಪತ್ತು ದಾಟಿದ ವೃದ್ಧೆಗೂ ಯಾವ ಲೆಕ್ಕ ಕೂಡೀತು? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟದ್ದು ಗ್ರಂಥವಲ್ಲ, ಗದ್ವಾಲ ಸೀಮೆಯ ಕೆ.ಟಿ. ದೊಡ್ಡಿ.

ಕಾಲೂರು ತಿಮ್ಮನದೊಡ್ಡಿ ಎಂಬುದು ಅದರ ಪೂರ್ಣ ಹೆಸರು. 1956ರವರೆಗೆ ಗದ್ವಾಲ ತಾಲೂಕು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿಯೇ ಇತ್ತು. ಬಳಿಕ ಆಂಧ್ರವಾಯಿತು, 2014ರಲ್ಲಿ ತೆಲಂಗಾಣವಾಯಿತು. 2016ರಲ್ಲಿ ಗದ್ವಾಲವೇ ಜಿಲ್ಲೆಯಾಗಿ ದೊಡ್ಡಿಯು ಮಂಡಲವಾಯಿತು. ಗಡಿಗಳು ಸರಿದಾಡಿದರೂ ಕನ್ನಡ, ತೆಲುಗು ಎರಡೂ ಅಲ್ಲಿ ಉಳಿದುಕೊಂಡಿವೆ. ಮಳೆ ಕೈಕೊಟ್ಟರೆ ಆ ಭಾಗದ ಜನ ಗುಳೆ ಹೋಗುತ್ತಾರೆ. ದೇಶದ ಎಷ್ಟೋ ಅಣೆಕಟ್ಟುಗಳಿಗೆ ಮಣ್ಣು ಹೊತ್ತವರು 'ಪಾಲಮೂರು ಕೂಲಿ' ಎಂದು ಹೆಸರಾದ ಇದೇ ಜನ. ಮಕ್ಕಳು ಅವರಿವರ ಮನೆಗಳಲ್ಲಿ ಉಳಿಯುತ್ತಾರೆ.

ಹತ್ತಿ ಖರೀದಿಯ ದಿನಗಳಲ್ಲಿ ಅಲ್ಲಿಗೆ ಹೋಗುವುದು ನನ್ನ ರೂಢಿ. ಕೆಲವು ವರ್ಷಗಳ ಹಿಂದೆ, ಬಸ್ಸು ನಿಲ್ಲುವಲ್ಲಿ ಬೇವಿನ ಮರದಡಿ ರಾಯಚೂರು ಕಡೆಯ ವೃದ್ಧೆಯೊಬ್ಬರು ಹುರಿದ ಶೇಂಗಾ ಮಾರುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ತಂದೆತಾಯಿ ಪುಣೆಗೆ ಗುಳೆ ಹೋಗಿದ್ದ ಹುಡುಗಿಯೊಬ್ಬಳು ಶಾಲೆ ಬಿಟ್ಟೊಡನೆ ಬಂದು ಅವರ ಬುಟ್ಟಿಯ ಬಳಿ ಕೂರುತ್ತಿದ್ದಳು. ವೃದ್ಧೆಗೆ ಸೂಜಿಗೆ ದಾರ ಪೋಣಿಸಿ ಕೊಡುವಳು, ಚಿಲ್ಲರೆ ಎಣಿಸಿ ಕೊಡುವಳು. ಪ್ರತಿಯಾಗಿ ಒಂದು ಹಿಡಿ ಶೇಂಗಾ. ತೂಗಿದರೆ ಇಷ್ಟೇ.

ಹುಡುಗಿ 'ಅವ್ವಾ' ಎಂದು ಕರೆದಾಗಲೆಲ್ಲ ವೃದ್ಧೆಯ ಮುಖವರಳುತ್ತಿತ್ತು. ಆ ಸೀಮೆಯ ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ, ನಮ್ಮ ಕಡೆಯ ಕನ್ನಡದಲ್ಲಿ ತಾಯಿ. ಎರಡು ಭಾಷೆ ಬಲ್ಲೆನೆಂಬ ಹೆಮ್ಮೆಯಿಂದ ನಾನು ಈ ಭೇದವನ್ನು ಅವರಿಗೆ ತಿಳಿಸಿದೆ.

"ನನಗ ಗೊತ್ತಿಲ್ಲೇನ್ರಿ ಸಾವ್ಕಾರ್ರ? ಆಕಿ ಅಜ್ಜಿ ಅಂತ ಕರೀತಾಳ, ನಾ ತಾಯಿ ಅಂತ ಕೇಳಸ್ಕೋತೀನಿ. ಆಕೀಗೇನ್ ಕಮ್ಮಿ ಆತು?" ಎಂದರು.

ನಾನು ಅಲ್ಲಿಗೇ ಸುಮ್ಮನಾಗಬೇಕಿತ್ತು. ಇಂದಲ್ಲ ನಾಳೆ ತಂದೆತಾಯಿ ಬಂದು ಕರೆದೊಯ್ಯುತ್ತಾರೆ, ಈ ವಯಸ್ಸಿನಲ್ಲಿ ಇಷ್ಟು ಹಚ್ಚಿಕೊಳ್ಳಬಾರದು, ಮೋಹವೇ ಬಂಧನ ಎಂದು ಪ್ರವಚನದಲ್ಲಿ ಕೇಳಿದ್ದನ್ನೆಲ್ಲ ಒಪ್ಪಿಸಿದೆ. ಅವರು ಉತ್ತರಿಸಲಿಲ್ಲ. ಯುಗಾದಿ ಕಳೆದ ಮೇಲೆ ನನ್ನ ಮಾತು ನಿಜವೂ ಆಯಿತು. ವೃದ್ಧೆಯೇ ಹುಡುಗಿಯ ಲಂಗದ ಹರಿದ ಅಂಚು ಹೊಲಿದು, ಶೇಂಗಾ ಗಂಟು ಕಟ್ಟಿಕೊಟ್ಟು, ಬಸ್ಸು ಹತ್ತಿಸಿದರೆಂದು ಚಹಾದಂಗಡಿಯವರಿಂದ ತಿಳಿಯಿತು.

ನಿಜವಾದ ಮಾತು ಸರಿಯಾದ ಮಾತಾಗಿತ್ತೇ? ಅಗಲಿ ಹೋಗುವವರನ್ನು ಪ್ರೀತಿಸಬಾರದೆಂದರೆ, ಗುಳೆ ಹೋಗುವವರ ಮಕ್ಕಳನ್ನು ಯಾರೂ ಪ್ರೀತಿಸಬಾರದೆಂದಾಯಿತು. ರಾಗವು ಹಿಡಿದಿಟ್ಟುಕೊಳ್ಳುತ್ತದೆ, ಮೈತ್ರಿಯು ಗಂಟು ಕಟ್ಟಿಕೊಟ್ಟು ಕಳುಹಿಸುತ್ತದೆ. ನನ್ನ ಅಲ್ಪಬುದ್ಧಿಗೆ ಹೊಳೆದದ್ದು ಇಷ್ಟು. ಪೋಲಾಸಪುರದ ಬೀದಿಯಲ್ಲಿ ಆಡುತ್ತಿದ್ದ ಬಾಲಕ ಅತಿಮುಕ್ತನು ಗೌತಮ ಗಣಧರರ ಬೆರಳು ಹಿಡಿದು ಭಿಕ್ಷೆಗೆಂದು ಮನೆಗೆ ಕರೆದೊಯ್ದ ಕಥೆಯನ್ನು ಅಂತಕೃದ್ದಶಾಂಗದಲ್ಲಿ ನಾವೆಲ್ಲ ಕೇಳಿದ್ದೇವೆ. ಅಷ್ಟು ಹಿರಿಯರು ಬೆರಳು ಬಿಡಿಸಿಕೊಳ್ಳದೆ ಹಿಂದೆ ನಡೆದರು ಎಂಬುದರತ್ತ ಮಾತ್ರ ನನ್ನ ಗಮನ ಹರಿದಿರಲಿಲ್ಲ.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಬರೆಯುತ್ತೇನೆ. ಆ ಸೀಮೆ ಹತ್ತಿಯ ಬೀಜೋತ್ಪಾದನೆಗೂ ಹೆಸರಾದದ್ದು. ಸಂಕರ ಬೀಜಕ್ಕಾಗಿ ಸಂಜೆ ಒಂದೊಂದೇ ಮೊಗ್ಗಿನ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ಮುಟ್ಟಿಸಬೇಕು. ಈ ಕೆಲಸಕ್ಕೆ ಪುಟ್ಟ ಕೈಗಳೇ ಲೇಸೆಂದು ಬಹುಕಾಲ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಹಚ್ಚಿದರು. ಹತ್ತಿಯ ಎಳೆಯುದ್ದವನ್ನು ಬೆರಳಲ್ಲೇ ಅಳೆಯಬಲ್ಲ ನಾನು ಆ ಮಕ್ಕಳ ಪಕ್ಕದಲ್ಲಿಯೇ ಮೂವತ್ತು ವರ್ಷ ಓಡಾಡಿದೆ. ಬೇವಿನ ಮರದಡಿಯ ಹುಡುಗಿಯ ಹೆಸರನ್ನೂ ಕೇಳಿರಲಿಲ್ಲ.

ಕಳೆದ ಸಲ ಹೋದಾಗ ತೂಕದ ಕಟ್ಟೆಯ ಮೇಲೆ ಹುಡುಗನೊಬ್ಬ ಒಬ್ಬನೇ ಕುಳಿತಿದ್ದ. ತೆಲುಗಿನಲ್ಲಿ ಹೆಸರು ಕೇಳಿದೆ. ನನ್ನ ಮುಖ ನೋಡಿ ಎದ್ದು ಓಡಿದ. ಈ ಸಲ ಶೇಂಗಾ ಒಯ್ಯಬೇಕೆಂದಿದ್ದೇನೆ.