ಸರದಿಯು ಯಾರದು?

ನಾವು ಬೇಡದ ಉಪಕಾರವನ್ನು ಒಬ್ಬನು ತಾನಾಗಿ ಮಾಡಿದರೆ, ಅದನ್ನು ಸ್ವೀಕರಿಸುವದರಲ್ಲಿ ತಪ್ಪುಂಟೋ? ಅನೇಕರು ಇಲ್ಲವೆನ್ನುವರು. ನಾವೂ ಹಾಗೆಯೇ ನೆನಸಿದ್ದೆವು.

ಬಾಳೆಹೊನ್ನೂರಿನ ಸುತ್ತಲಿನ ಕಾಫಿ ತೋಟಗಳ ಸೀಮೆಯಲ್ಲಿ ಅಂಚೆ ಕಚೇರಿಗೆ ಹೋಗಿ ಬರುವದೆಂದರೆ ಅನೇಕರಿಗೆ ಅರ್ಧ ದಿನದ ಕೆಲಸವು. ತೋಟದ ಆಳಿಗೆ ಅಷ್ಟು ಹೊತ್ತಿನ ಕೂಲಿಯೂ ನಷ್ಟವು. ಮಲೆನಾಡಿನ ಒಂದು ಕಚೇರಿಯಲ್ಲಿ ನಾವು ಸಾಲಿನ ಕೊನೆಗೆ ನಿಂತಿದ್ದೆವು. ಗುಮಾಸ್ತನು ನಮ್ಮನ್ನು ಗುರುತಿಸಿ, “ತಾವು ಯಾಕೆ ನಿಂತಿರಿ? ಮುಂದೆ ಬನ್ನಿರಿ” ಎಂದು ಕರೆದನು. ನಾವು ಸಂತೋಷದಿಂದ ಹೋದೆವು. ವೃದ್ಧಾಪ್ಯ ವೇತನಕ್ಕಾಗಿ ಬಂದು ಕಿಟಕಿಯ ಬಳಿಯಲ್ಲಿದ್ದ ಮುದುಕಿಯು ಮಾತಾಡದೆ ಪಕ್ಕಕ್ಕೆ ಸರಿದಳು. ನಮ್ಮ ಕೆಲಸ ತೀರಿದ ಕೂಡಲೇ ಯಂತ್ರದ ಸಂಪರ್ಕವು ಕಡಿದುಹೋಯಿತು. “ಅಜ್ಜೀ, ನಾಳೆ ಬಾ” ಎಂದನು. “ಆಯ್ತು ಸ್ವಾಮಿ” ಎಂದು ಅವಳು ಬರಿಗೈಯಲ್ಲಿ ಹೊರಟಳು.

ಆ ಗುಮಾಸ್ತನು ಕೆಟ್ಟವನಲ್ಲ. ಅಂಚೆಚೀಟಿ, ಉಳಿತಾಯದ ಪುಸ್ತಕ, ವೇತನ, ಇವೆಲ್ಲವನ್ನೂ ಅವನೊಬ್ಬನೇ ನೋಡಬೇಕಾಗಿತ್ತು. ಆದರೂ ಅವನು ನಮಗೆ ಕೊಟ್ಟ ಸರದಿಯು ಅವನದಲ್ಲ, ಆ ಮುದುಕಿಯದು. ನಾವು ಕೇಳಲಿಲ್ಲವೆಂಬ ಮಾತು ಇಲ್ಲಿ ನಿಲ್ಲದು. ನೆರೆಯವನ ಬಾಳೆಗೊನೆಯನ್ನು ಒಬ್ಬನು ಕಡಿದು ತಂದು ನಮ್ಮ ಬಾಗಲಲ್ಲಿಟ್ಟರೆ, ಕೇಳದೆ ಬಂತೆಂದು ಅದನ್ನು ತಿನ್ನಬಹುದೋ?

ಪೂರ್ವದಲ್ಲಿ ಕಾಗದದ ದರವು ದೂರಕ್ಕೆ ತಕ್ಕಂತೆ ಏರುತ್ತಿತ್ತು. 1854ರ ಅಂಚೆಯ ಕಾನೂನು ದೂರವನ್ನು ಬಿಟ್ಟು ತೂಕವನ್ನು ಮಾತ್ರ ನೋಡಿತು. ಹಗುರವಾದ ಕಾಗದವು ಅರ್ಧಾಣೆಯ ಚೀಟಿಯಿಂದ ದೇಶದ ಯಾವ ಮೂಲೆಗಾದರೂ ಹೋಗುವಂತಾಯಿತು. ಮೈಸೂರು ಸಂಸ್ಥಾನದ ಸ್ವಂತ ಅಂಚೆಯೂ 1889ರಲ್ಲಿ ಇದರೊಳಗೆ ಸೇರಿತು. ಅಂದಿನಿಂದ ಅಂಚೆಯ ತಕ್ಕಡಿಯು ಧನಿಯ ಕಾಗದವನ್ನೂ ಆಳಿನ ಕಾಗದವನ್ನೂ ಒಂದೇ ರೀತಿಯಲ್ಲಿ ತೂಗುತ್ತದೆ. ತಕ್ಕಡಿಗೆ ಇರುವ ನ್ಯಾಯವು ಅದರ ಮುಂದೆ ನಿಲ್ಲುವ ಮನುಷ್ಯರಿಗೆ ಬೇಡವೋ?

ಪ್ರಿಯ ವಾಚಕರೇ, ನಮ್ಮಲ್ಲಿ ಅನೇಕರ ಹಿರಿಯರು ಬಾಗಲ ಹೊರಗೆ ನಿಂತು, ಎಲ್ಲರ ಕೆಲಸ ತೀರುವ ತನಕ ಕಾದವರು. ಅವರ ಮಕ್ಕಳಾದ ನಾವು ನಾಲ್ಕಕ್ಷರ ಕಲಿತು ಗೌರವವನ್ನು ಹೊಂದಿದ ಮೇಲೆ ಬೇರೊಬ್ಬರನ್ನು ಪಕ್ಕಕ್ಕೆ ಸರಿಸುವದಾದರೆ, ಆ ಗೌರವದಿಂದ ಫಲವೇನು? ಆದಕಾರಣ ಹೆಸರು ಹಿಡಿದು ಕರೆಯಲ್ಪಡುವಾಗ ಮುಂದೆ ಯಾರು ನಿಂತಿದ್ದಾರೆಂದು ಮೊದಲು ನೋಡೋಣ. “ಈ ಅಜ್ಜಿಯದು ಮೊದಲಾಗಲಿ” ಎನ್ನುವದಕ್ಕೆ ಕಾಸು ಖರ್ಚಿಲ್ಲ. ಆ ದಿನ ನಾವು ಅದನ್ನು ಅನ್ನಲಿಲ್ಲ.